ಗುರುವಾರ ಸಂಜೆ ಏಳೂವರೆ

ನನ್ನದು ಲಗ್ನಪತ್ರಿಕೆ ಪ್ರಿಂಟ್ ಮಾಡುವ ಸಣ್ಣ ಅಂಗಡಿ. ಬೆಂಗಳೂರಿನ ಸುಲ್ತಾನ್‌ಪೇಟೆಯ ಕಡೆ ಒಂದು ಗಲ್ಲಿಯಲ್ಲಿದೆ. ಅಂಗಡಿಯ ಹೆಸರನ್ನೂ ನನ್ನ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನಾಚಿಕೆಗಲ್ಲ. ಕುಡಿತ ಬಿಡಲು ನಾನು ಹೋಗುವ ಜಾಗದ ಪದ್ಧತಿ ಅದು.

2022ರ ನವೆಂಬರ್. ಮದುವೆ ಸೀಸನ್. ಒಂದು ಪಾರ್ಟಿಗೆ 600 ಕಾರ್ಡು. ಪ್ರಿಂಟ್ ಆಗಿ, ಒಣಗಿ, ಕಟಿಂಗಿಗೆ ಬಂದಿತ್ತು. ಬೆಳಿಗ್ಗೆ ಹತ್ತೂವರೆಗೆ ಕಟಿಂಗ್ ಮೆಷಿನ್ ಮುಂದೆ ನಿಂತರೆ ಕೈ ನಡುಗುತ್ತಿತ್ತು. ಕಾಗದದ ಕಟ್ಟನ್ನು ಸರಿಯಾಗಿ ಕೂರಿಸೋಕೇ ಆಗಲಿಲ್ಲ. ಹುಡುಗನನ್ನು ಟೀಗೆ ಕಳಿಸಿದೆ. ಪಕ್ಕದ ರಸ್ತೆಯ ವೈನ್ಸಿಗೆ ಹೋಗಿ ನಿಂತಲ್ಲೇ ಒಂದು ನೈಂಟಿ ಹಾಕಿ ಬಂದೆ. ಸ್ವಲ್ಪ ಹೊತ್ತಿಗೆ ಕೈ ನಿಂತಿತು. ಊರಲ್ಲೆಲ್ಲ ಕುಡಿದವರ ಕೈ ನಡುಗುತ್ತದೆ, ನನಗೆ ಕುಡಿಯದಿದ್ದರೆ ನಡುಗುತ್ತದೆ, ಇದೇನು ಉಲ್ಟಾ ಅಂತ ಅವತ್ತು ಮೊದಲ ಸಲ ಅನ್ನಿಸಿತು. ಅನ್ನಿಸಿದರೂ ಕಾರ್ಡು ಕತ್ತರಿಸಿದೆ. ಅಷ್ಟೂ ಓರೆ. ಮೇಲ್ಗಡೆ ಇದ್ದ ಗಣಪತಿಯ ಕಿರೀಟ ಅರ್ಧ ಹಾರಿಹೋಗಿತ್ತು.

ಹುಡುಗಿಯ ತಂದೆ ಕಾರ್ಡು ತಗೊಳ್ಳೋಕೆ ಬಂದವರು ಜಗಳ ಆಡಲಿಲ್ಲ. ಕಾರ್ಡನ್ನು ನೋಡಿದರು, ನನ್ನನ್ನು ನೋಡಿದರು, ಒಂದು ಹೆಜ್ಜೆ ಹಿಂದೆ ಸರಿದರು. ವಾಸನೆಗೆ. "ಶುಭಕಾರ್ಯ, ಹೀಗಾಗಬಾರದಿತ್ತು" ಅಂತಷ್ಟೇ ಹೇಳಿ ಅಡ್ವಾನ್ಸ್ ವಾಪಸ್ ಇಸಕೊಂಡು ಹೋದರು.

ನಾನು ಕುಡುಕ ಅಲ್ಲ ಅನ್ನೋಕೆ ನನ್ನ ಹತ್ತಿರ ಎರಡು ಸಾಕ್ಷಿ ಇದ್ದವು. ಒಂದು ಅಯ್ಯಪ್ಪನ ಮಾಲೆ. ಮೂರು ವರ್ಷ ಮಾಲೆ ಹಾಕಿದ್ದೆ. 41 ದಿನ ಕಪ್ಪು ಪಂಚೆ, ಬರಿಗಾಲು, ತಣ್ಣೀರು. ಒಂದು ಹನಿ ಮುಟ್ಟಿರಲಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಯೇ ಬಾರಿನಲ್ಲಿ ಕೂತಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಇನ್ನೊಂದು ಲಾಕ್‌ಡೌನ್. 2020ರ ಮಾರ್ಚ್ ಕೊನೆಯಲ್ಲಿ ವೈನ್ಸ್‌ಗಳು ಮುಚ್ಚಿದವು. ಮೊದಲ ವಾರ ಬ್ಲಾಕಿನಲ್ಲಿ ಮೂರು ಪಟ್ಟು ಕೊಟ್ಟು ತಂದೆ, ಆಮೇಲೆ ಅದೂ ಸಿಗಲಿಲ್ಲ. ತಿಂಗಳು ಹಾಗೇ ಕಳೆಯಿತು. ಮೇ 4ಕ್ಕೆ ಅಂಗಡಿ ತೆರೆದ ದಿನ ಟಿವಿಯಲ್ಲಿ ಉದ್ದುದ್ದ ಕ್ಯೂ ತೋರಿಸಿದರಲ್ಲ, ಅಂಥದ್ದೊಂದು ಕ್ಯೂನಲ್ಲಿ ನಾನೂ ಇದ್ದೆ, ಮಾಸ್ಕ್ ಹಾಕಿಕೊಂಡು. ಆದರೂ ಹೆಂಡತಿ ಎದುರು ವಾದ ಒಂದೇ: "ಬೇಕಂದ್ರೆ ಬಿಡ್ತೀನಿ. ಬಿಟ್ಟು ತೋರಿಸಿದೀನಿ ಅಲ್ವಾ?"

ಕಾರ್ಡಿನ ಗಲಾಟೆ ಆದ ರಾತ್ರಿ ಮತ್ತೆ ಬಿಟ್ಟು ತೋರಿಸಲು ಹೊರಟೆ. ಯಾರಿಗೂ ಹೇಳದೆ, ಡಾಕ್ಟರನ್ನು ಕೇಳದೆ. ಮೊದಲ ದಿನ ಬೆವರು, ನಡುಕ, ವಾಂತಿ. ಎರಡನೆಯ ರಾತ್ರಿ ನಿದ್ದೆ ಇಲ್ಲ. ಮೂರನೆಯ ರಾತ್ರಿ ಗೋಡೆ ಮೇಲೆ ಇರುವೆ ಸಾಲು ಕಂಡಿತು. ಪೊರಕೆ ತಂದು ಗುಡಿಸಿದೆ. ಗುಡಿಸಿದಷ್ಟೂ ಬಂದವು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಗೋಡೆ ಮೇಲೆ ಏನೂ ಇರಲಿಲ್ಲವಂತೆ.

ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರೆ, "ಕುಡಿದಿರೋರನ್ನ ತಗೊಳ್ಳಲ್ಲ" ಅಂದುಬಿಟ್ಟರು. ಕುಡಿಯದೆ ಮೂರು ದಿನ ಆಗಿದ್ದಕ್ಕೇ ಹಾಗಾಗಿದ್ದು ಅಂತ ಅವರಿಗೂ ಹೊಳೆಯಲಿಲ್ಲ, ನಮಗೂ ಗೊತ್ತಿರಲಿಲ್ಲ. ಕೊನೆಗೆ ಹೆಂಡತಿಯ ತಮ್ಮ ಆಟೋದಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹಾಕಿಕೊಂಡು ಹೋದ. ಕುಡಿತದವರಿಗೇ ಅಲ್ಲಿ ಬೇರೆ ವಿಭಾಗ ಇದೆ. ಅವರು ಮೊದಲು ಕೇಳಿದ್ದು, "ಕೊನೆಯದಾಗಿ ಕುಡಿದಿದ್ದು ಯಾವಾಗ?" ಎಷ್ಟು ಅಂತಲ್ಲ, ಯಾವಾಗ ಅಂತ. ಆಮೇಲೆ ವಿಟಮಿನ್ ಬಿ1 ಇಂಜೆಕ್ಷನ್, ನಡುಕಕ್ಕೆ ಮಾತ್ರೆ. ಆ ಮಾತ್ರೆಯನ್ನು ದಿನಾ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬಂದರು.

ಇದನ್ನು ಇಷ್ಟು ವಿವರವಾಗಿ ಬರೆಯೋಕೆ ಕಾರಣ ಇದೆ. ದಿನಾ ಬೆಳಿಗ್ಗೆಯಿಂದ ಜಾಸ್ತಿ ಕುಡಿಯುವವರು ಛಲ ಹಿಡಿದು ಒಂದೇ ಏಟಿಗೆ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಜೀವ ಹೋಗಬಹುದು. ಡಾಕ್ಟರ ಎದುರು ನಿಲ್ಲಿಸಬೇಕು. ಮನೆಯವರಿಗೆ ಇನ್ನೊಂದು ಮಾತು. 'ಅವರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ' ಅಂತ ಗೋಡೆ ಮೇಲೆ ಪೋಸ್ಟರ್ ಇರುತ್ತವಲ್ಲ, ನನ್ನ ಹೆಂಡತಿ ಅಂಥ ಪುಡಿ ತಂದು ಎರಡು ತಿಂಗಳು ಸಾರಿಗೆ ಹಾಕಿದ್ದಳು. ನನಗೆ ಗೊತ್ತಾಗಿದ್ದು ಡಾಕ್ಟರ ಮುಂದೆ ಅವಳು ಬಾಯಿಬಿಟ್ಟಾಗ. ಡಾಕ್ಟರ್ ನನ್ನನ್ನು ಬಿಟ್ಟು ಅವಳನ್ನು ಬೈದರು. ಅದರಲ್ಲಿ ಏನಿದೆಯೋ ಯಾರಿಗೆ ಗೊತ್ತು, ಹೊಟ್ಟೆಯಲ್ಲಿ ಎಣ್ಣೆ ಇರುವಾಗ ಕೆಲವು ಔಷಧಿ ಬಿದ್ದರೆ ಪ್ರಾಣಕ್ಕೇ ಕುತ್ತು ಅಂದರು.

ಬಿಡುಗಡೆ ಮಾಡುವ ದಿನ ಅದೇ ಡಾಕ್ಟರಮ್ಮ ಒಂದು ಚೀಟಿ ಕೊಟ್ಟರು. ಅದರಲ್ಲಿ ಒಂದು ಫೋನ್ ನಂಬರ್. "ಮಾತ್ರೆ ನಡುಕ ನಿಲ್ಲಿಸುತ್ತೆ. ಸಂಜೆ ಏಳು ಗಂಟೆಗೆ ಏನ್ ಮಾಡ್ತೀರ ಅನ್ನೋದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ. ಇಲ್ಲಿಗೆ ಹೋಗಿ" ಅಂದರು.

ಚೀಟಿಯನ್ನು ಪರ್ಸಿನಲ್ಲಿ ಮಡಚಿ ಇಟ್ಟೆ. ಹನ್ನೆರಡು ದಿನ ಚೆನ್ನಾಗಿದ್ದೆ. ಹದಿಮೂರನೆಯ ದಿನ ಒಂದು ನೈಂಟಿ. ದುಡ್ಡು ಕೊಡಲು ಪರ್ಸ್ ತೆಗೆದಾಗ ಚೀಟಿಯೂ ಬಂತು. ಅದನ್ನು ಜೋಪಾನವಾಗಿ ಮತ್ತೆ ಒಳಗಿಟ್ಟು, ನೋಟು ಕೊಟ್ಟೆ.

ಡಿಸೆಂಬರ್ ನಡುವಿಗೆ ಧನುರ್ಮಾಸ ಶುರು. ಮದುವೆ ಇಲ್ಲ, ಅಂಗಡಿ ಖಾಲಿ. ಒಂದು ಮಧ್ಯಾಹ್ನ ಟೆರೇಸಿಗೆ ಹೋಗಿ ಆ ನಂಬರಿಗೆ ಫೋನ್ ಮಾಡಿದೆ. ಆಸ್ಪತ್ರೆಯ ಥರ ಯಾರೋ ಎತ್ತುತ್ತಾರೆ ಅಂದುಕೊಂಡಿದ್ದೆ. ಎತ್ತಿದವರ ಹಿಂದೆ ಕುಕ್ಕರ್ ಕೂಗುತ್ತಿತ್ತು.

"ಹೇಳಿ ಸಾರ್."

"ಒಬ್ಬರು ಸ್ನೇಹಿತರಿಗೆ ವಿಚಾರಿಸ್ತಾ ಇದ್ದೆ..."

"ಒಳ್ಳೇದು. ನಾನೂ ಮೊದಲ ಸಲ ಫೋನ್ ಮಾಡಿದಾಗ ಸ್ನೇಹಿತರಿಗೇ ವಿಚಾರಿಸಿದ್ದು" ಅಂದರು. ನಗಲಿಲ್ಲ. "ಸ್ನೇಹಿತರು ಇವತ್ತು ತಗೊಂಡಿದ್ದಾರಾ?"

"ಬೆಳಿಗ್ಗೆ ಸ್ವಲ್ಪ."

"ಸರಿ, ನಾಳೆ ಸಂಜೆ ಇಬ್ಬರು ಬರ್ತೀವಿ. ಅಡ್ರೆಸ್ ಹೇಳಿ."

ಮಾರನೆಯ ಸಂಜೆ ಇಬ್ಬರು ಬಂದರು. ಒಬ್ಬರು ಸ್ವೆಟರ್ ಹಾಕಿದ್ದ ವಯಸ್ಸಾದವರು, ಕೈಯಲ್ಲಿ ಒಂದು ಬ್ಯಾಗು. ಇನ್ನೊಬ್ಬರು ದಪ್ಪ ಮೀಸೆಯವರು. ನನ್ನ ಹೆಂಡತಿ ಸಾಲ ವಸೂಲಿಯವರು ಅಂತ ತಿಳಿದು, "ಅವರು ಊರಲ್ಲಿಲ್ಲ" ಅಂದಳು. ನಾನು ಹಿಂದೆಯೇ ನಿಂತಿದ್ದೆ. ಆಮೇಲೆ ಕಾಫಿ ಆಯ್ತು. ಅವರು ಎಷ್ಟು ಕುಡೀತೀರ, ಯಾಕೆ ಕುಡೀತೀರ, ಹೆಂಡತಿ ಮಕ್ಕಳ ಮುಖ ನೋಡಬಾರದಾ, ಏನೂ ಕೇಳಲಿಲ್ಲ. ತಮ್ಮ ಕಥೆ ಹೇಳಿದರು, ಅಷ್ಟೇ. ಸ್ವೆಟರಿನವರು ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಪರೀಕ್ಷೆ ಕೊಠಡಿಯಲ್ಲಿ ನಿದ್ದೆ ಹೋಗಿ, ಎಚ್ಚರವಾದಾಗ ಮಕ್ಕಳು ಉತ್ತರಪತ್ರಿಕೆಯನ್ನು ತಾವೇ ಜೋಡಿಸಿ, ದಾರ ಕಟ್ಟಿ, ಮೇಜಿನ ಮೇಲೆ ಇಟ್ಟು ಹೋಗಿದ್ದರಂತೆ. "ಒಬ್ಬರೂ ಹೆಡ್‌ಮಾಸ್ಟರಿಗೆ ಹೇಳಲಿಲ್ಲ ಕಣಪ್ಪ. ಅದೇ ನನಗೆ ತಡಕೊಳ್ಳೋಕೆ ಆಗದೇ ಇದ್ದಿದ್ದು" ಅಂದರು. ನನಗೆ ಗಣಪತಿಯ ಕಿರೀಟ ನೆನಪಾಯಿತು.

ಅವರ ಗುಂಪಿನ ಹೆಸರು ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಹೆಸರು ಹೊರಗೆ ಹೇಳದ ಕುಡುಕರು, ಚಿಕ್ಕದಾಗಿ ಎ.ಎ. ಫೀಸಿಲ್ಲ, ಫಾರಂ ತುಂಬುವುದಿಲ್ಲ, ಹಾಜರಿ ಇಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಒಂದಿದ್ದರೆ ಮೆಂಬರು. ಬೆಂಗಳೂರಿನಲ್ಲಿ ಚರ್ಚ್ ಹಾಲ್, ಶಾಲೆ ಕೊಠಡಿ, ಹೀಗೆ ಸಿಕ್ಕ ಕಡೆ ಮೀಟಿಂಗ್ ನಡೆಯುತ್ತವೆ. ಇಂಗ್ಲಿಷ್, ಕನ್ನಡ, ತಮಿಳು, ಯಾವುದು ಬೇಕೋ ಅದು. ಮೇಷ್ಟ್ರು ಒಂದು ಪಟ್ಟಿ ಕೊಟ್ಟರು. ನಮ್ಮ ಮನೆಗೆ ಹತ್ತಿರದ್ದು ಕನ್ನಡದ್ದೇ, ಮಾಗಡಿ ರಸ್ತೆ ಕಡೆ ಒಂದು ಶಾಲೆಯಲ್ಲಿ, ಗುರುವಾರ ಸಂಜೆ ಏಳೂವರೆಗೆ.

ಹತ್ತಿರ ಇತ್ತು ಅಂತಲೇ ನಾನು ಅಲ್ಲಿಗೆ ಹೋಗಲಿಲ್ಲ. ಯಾರಾದರೂ ಪರಿಚಯದವರು ನೋಡಿದರೆ? ಬಾರಿನ ಬಾಗಿಲಲ್ಲಿ ಹತ್ತು ವರ್ಷ ಎಲ್ಲರೂ ನೋಡಿದ್ದಾರೆ, ಅದಕ್ಕೆ ನಾಚಿಕೆ ಇರಲಿಲ್ಲ! ಪಟ್ಟಿಯಲ್ಲಿ ಮನೆಯಿಂದ ಅತಿ ದೂರದ್ದು ಹುಡುಕಿದೆ. ಊರಿನ ಇನ್ನೊಂದು ತುದಿ, ಚರ್ಚಿನ ಹಾಲು, ಭಾನುವಾರ ಬೆಳಿಗ್ಗೆ, ಇಂಗ್ಲಿಷ್ ಮೀಟಿಂಗ್. ಎರಡು ಬಸ್ ಬದಲಾಯಿಸಿ, 2022ರ ಡಿಸೆಂಬರ್ 18ರಂದು ಹೋದೆ. ಗೇಟಿನಲ್ಲಿ ನಿಂತು ಫೋನಿನಲ್ಲಿ ಮಾತಾಡುವ ಹಾಗೆ ನಟಿಸಿದೆ. ಒಳಗಿನಿಂದ ನಗು ಕೇಳಿಸಿತು. ಕುಡಿತ ಬಿಟ್ಟವರು ನಗುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಅಳುತ್ತಾ ಭಜನೆ ಮಾಡುತ್ತಿರುತ್ತಾರೆ ಅಂದುಕೊಂಡಿದ್ದೆ.

ಒಳಗೆ ಹತ್ತು ಹನ್ನೆರಡು ಕುರ್ಚಿ, ಒಂದು ಮೇಜು, ಗೋಡೆಗೆ ನೇತುಹಾಕಿದ ಎರಡು ಪಟ. ಒಂದರಲ್ಲಿ ಕುಡಿತ ಬಿಟ್ಟು ಬದುಕಲು ಎ.ಎ. ಹೇಳುವ ಹನ್ನೆರಡು ಮೆಟ್ಟಿಲು, ಇನ್ನೊಂದರಲ್ಲಿ ಗುಂಪು ನಡೆಸುವ ಹನ್ನೆರಡು ಸಂಪ್ರದಾಯ. ಪ್ರಿಂಟರ್ ಕಣ್ಣು ನನ್ನದು, ಮೊದಲು ನೋಡಿದ್ದು ಅಂಚು ಹೇಗೆ ಕತ್ತರಿಸಿದ್ದಾರೆ ಅಂತ. ಸಾಫ್ಟ್‌ವೇರ್ ಹುಡುಗರು ಇಬ್ಬರು, ಒಬ್ಬರು ನಿವೃತ್ತ ಮಿಲಿಟರಿ ಅಧಿಕಾರಿ, ಒಬ್ಬರು ವಯಸ್ಸಾದ ಹೆಂಗಸು. ಎಲ್ಲರೂ ತುಂಬ ಒಳ್ಳೆಯವರು. ಹೊಸಬ ಅಂತ ಕೈ ಕುಲುಕಿ, ಟೀ ಕೊಟ್ಟು, ಮುಂದಿನ ಸಾಲಿನಲ್ಲಿ ಕೂರಿಸಿದರು. ಒಬ್ಬೊಬ್ಬರೇ ಮಾತಾಡಿದರು. ಇದನ್ನು ಶೇರಿಂಗ್ ಅನ್ನುತ್ತಾರೆ. ಒಬ್ಬರು ಮಾತಾಡುವಾಗ ಮತ್ತೊಬ್ಬರು ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಮ್ಮ ಮನೆತನದಲ್ಲಿ ಇಂಥದ್ದನ್ನು ನಾನು ನೋಡಿಯೇ ಇರಲಿಲ್ಲ.

ನನ್ನ ಸರದಿ ಬಂತು. ನನಗೆ ಇಂಗ್ಲಿಷ್ ಬರುತ್ತದೆ. ಗಿರಾಕಿಗಳ ಜೊತೆ ದಿನಾ ಆಡುತ್ತೇನೆ. ಹೆಸರು ಹೇಳಿದೆ. ಆಮೇಲೆ "ನನಗೆ ಸ್ವಲ್ಪ ಡ್ರಿಂಕಿಂಗ್ ಪ್ರಾಬ್ಲಮ್ ಇದೆ" ಅನ್ನುವ ಅರ್ಥದಲ್ಲಿ ಏನೋ ಹೇಳಿದೆ. ಕೊಟೇಶನ್ ಕೊಟ್ಟ ಹಾಗಿತ್ತು. ಇರುವೆ ಬರಲಿಲ್ಲ, ಪೊರಕೆ ಬರಲಿಲ್ಲ, ಬಾಗಿಲಲ್ಲಿ ನಿಂತ ಮಗಳು ಬರಲಿಲ್ಲ. ಎಲ್ಲರೂ ಥ್ಯಾಂಕ್ಸ್ ಅಂದರು. ವಾಪಸ್ ಬಸ್ಸಿನಲ್ಲಿ ಕೂತು, ನಾನು ಹೇಳಿದ್ದು ಬೇರೆ ಯಾರದೋ ಕಥೆ ಅನ್ನಿಸಿತು. ಗಿರಾಕಿಗೆ ರೇಟು ಹೇಳುವ ಭಾಷೆಯಲ್ಲಿ ಅವಮಾನ ಹೇಳೋಕೆ ಆಗಲಿಲ್ಲ. ಅದಕ್ಕೆ ಮನೆಯ ಭಾಷೆಯೇ ಬೇಕಿತ್ತು.

ಆದರೂ ಅವತ್ತು ಕುಡಿಯಲಿಲ್ಲ. ನಡುಕ ಏನಾದರೂ ಮತ್ತೆ ಬಂದರೆ ಅಂತ ಮಾರನೆಯ ದಿನ ಡಾಕ್ಟರಮ್ಮನಿಗೆ ತೋರಿಸಿ ಮಾತ್ರೆ ತಂದೆ. ಗುರುವಾರ ಮಾಗಡಿ ರಸ್ತೆಯ ಶಾಲೆಗೆ ಹೋದೆ. ಎರಡನೆಯ ಕ್ಲಾಸಿನ ಕೊಠಡಿ. ಗೋಡೆ ಮೇಲೆ ಮಗ್ಗಿ, ಹಣ್ಣುಗಳ ಚಿತ್ರ. ಮಕ್ಕಳ ಬೆಂಚಿನಲ್ಲಿ ದೊಡ್ಡ ದೊಡ್ಡ ಗಂಡಸರು ಮೊಣಕಾಲು ಮಡಚಿಕೊಂಡು ಕೂತಿದ್ದರು. ಒಳಗೆ ಕಾಲಿಟ್ಟವನು ಹಾಗೇ ನಿಂತೆ. ನಮ್ಮ ಗಲ್ಲಿಗೆ ಪೇಪರ್ ರೀಮು ಇಳಿಸುವ ಟೆಂಪೋದವನು ಮೂಲೆಯಲ್ಲಿ ಟೀ ಬಗ್ಗಿಸುತ್ತಿದ್ದ.

ಯಾವ ಪರಿಚಯದವರು ಇರಬಾರದು ಅಂತ ಊರ ತುದಿಗೆ ಹೋಗಿದ್ದೆನೋ, ಅವರೇ ಇಲ್ಲಿ! ನಾಲ್ಕು ವರ್ಷದಿಂದ ಬರುತ್ತಿದ್ದನಂತೆ. ವಾರಕ್ಕೆರಡು ಸಲ ನನ್ನ ಅಂಗಡಿಗೆ ಬಂದವನು, ನನ್ನ ಬಾಯಿ ವಾಸನೆ ಕುಡಿದವನು, ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಅಂಗಡಿಯಲ್ಲಿ ನನ್ನನ್ನು 'ಓನರೇ' ಅನ್ನುತ್ತಿದ್ದವನು, ಕೊಠಡಿಯೊಳಗೆ ಹೆಸರು ಹಿಡಿದು ಕರೆದು ಟೀ ಕೊಟ್ಟ. ಅವತ್ತಿನಿಂದ ನನ್ನ ಬಾಯಲ್ಲಿ ಅವರು ಟೆಂಪೋ ಅಣ್ಣ.

ಕನ್ನಡದ ಗುಂಪಿನಲ್ಲಿ ಹೆಸರು ಹೇಳಿದ ಮೇಲೆ 'ನಾನೊಬ್ಬ ಆಲ್ಕೋಹಾಲಿಕ್' ಅನ್ನುವವರು ಇದ್ದಾರೆ. ಕೆಲವರು 'ಮದ್ಯವ್ಯಸನಿ' ಅನ್ನುತ್ತಾರೆ. ಅದು ನನಗೆ ಸರ್ಕಾರಿ ಬೋರ್ಡಿನ ಮಾತಿನ ಥರ ಕೇಳಿಸುತ್ತದೆ. ನಮ್ಮ ಬೀದಿ ಮಾತೇ ಬೇರೆ. ಎಣ್ಣೆ, ಗುಂಡು, ಕ್ವಾಟ್ರು. ನೀರು ಕುಡಿಯುವುದಕ್ಕೂ ಕಾಫಿ ಕುಡಿಯುವುದಕ್ಕೂ ಇರುವುದು ಒಂದೇ ಮಾತು, ಆದರೆ 'ಅವನು ಕುಡೀತಾನೆ' ಅಂದರೆ ಏನನ್ನು ಅಂತ ಯಾರೂ ಕೇಳುವುದಿಲ್ಲ. ಅವತ್ತು ನನ್ನ ಸರದಿಗೆ ಬಾಯಿಗೆ ಬಂದಿದ್ದು, "ನಾನು ಕುಡುಕ." ನನ್ನ ಅಮ್ಮ ನಮ್ಮಪ್ಪನಿಗೆ ಬೈಯುತ್ತಿದ್ದ ಮಾತು ಅದು. ಅಲ್ಲಿಂದ ಮುಂದೆ ಇರುವೆಯೂ ಬಂತು, ಪೊರಕೆಯೂ ಬಂತು, ಮಗಳೂ ಬಂದಳು. ಎಷ್ಟು ಹೊತ್ತು ಮಾತಾಡಿದೆನೋ ಗೊತ್ತಿಲ್ಲ. ಒಬ್ಬರಿಗೆ ಐದು ನಿಮಿಷ ಅಂತ ರೂಢಿ. ಯಾರೂ ಗಡಿಯಾರ ನೋಡಲಿಲ್ಲ. ಮುಗಿದ ಮೇಲೆ ಯಾರೋ "ಮತ್ತೆ ಬನ್ನಿ" ಅಂದರು. ಅಷ್ಟೇ ಅಂದರು.

ಕೊನೆಗೆ ಒಂದು ಬಟ್ಟೆ ಚೀಲ ಎಲ್ಲರ ಮುಂದೆ ಹೋಗುತ್ತದೆ. ಇಷ್ಟ ಇದ್ದವರು ಹತ್ತೋ ಇಪ್ಪತ್ತೋ ಹಾಕುತ್ತಾರೆ, ಹೊಸಬರು ಹಾಕಬೇಕಿಲ್ಲ. ಬಾಡಿಗೆ, ಟೀ, ಬಿಸ್ಕತ್ತು ಅದರಲ್ಲೇ. ಹೊರಗಿನವರಿಂದ ಕಾಸು ತಗೊಳ್ಳುವುದಿಲ್ಲ. ಒಂದು ಸಲ ನಮ್ಮ ಏರಿಯಾದ ಒಬ್ಬ ಮುಖಂಡರು ಕುರ್ಚಿ ಕೊಡಿಸುತ್ತೇನೆ ಅಂದಿದ್ದರು. ಮೇಷ್ಟ್ರು ಕೈಮುಗಿದು ಬೇಡ ಅಂದರು. ಕುರ್ಚಿ ಬಂದರೆ ಹಿಂದೆಯೇ ಬೋರ್ಡೂ ಬರುತ್ತದೆ, ಫೋಟೋನೂ ಬರುತ್ತದೆ. ನಾವಿನ್ನೂ ಮಕ್ಕಳ ಬೆಂಚಿನಲ್ಲೇ ಕೂರುತ್ತೇವೆ.

ದೇವರ ವಿಷಯ ಕೆಲವರಿಗೆ ತೊಡಕು. ಮೆಟ್ಟಿಲುಗಳಲ್ಲಿ ನಮಗಿಂತ ದೊಡ್ಡ ಶಕ್ತಿ ಅನ್ನುವ ಮಾತು ಬರುತ್ತದೆ. ಟೆಂಪೋ ಅಣ್ಣ ದೇವರನ್ನು ನಂಬುವವರಲ್ಲ. "ಇಲ್ಲಿ ಇಪ್ಪತ್ತು ಜನ ಕೂತಿದ್ದಾರೆ, ಇಪ್ಪತ್ತು ಜನ ನನ್ನೊಬ್ಬನಿಗಿಂತ ದೊಡ್ಡ ಶಕ್ತಿ ಅಲ್ವಾ? ನನಗೆ ಅಷ್ಟು ಸಾಕು" ಅನ್ನುತ್ತಾರೆ. ನನಗೆ ದೇವರ ತಕರಾರು ಇರಲಿಲ್ಲ. ಇದ್ದ ತಕರಾರು ಬೇರೆ. ಜೀವನಪೂರ್ತಿ ಬಿಡಬೇಕಾ? ಮಗಳ ಮದುವೆಗೂ ಇಲ್ಲವಾ? "ಮಗಳಿಗೆ ಎಷ್ಟು ವಯಸ್ಸು?" ಅಂತ ಟೆಂಪೋ ಅಣ್ಣ ಕೇಳಿದರು. ಹನ್ನೊಂದು ಅಂದೆ. "ಹಂಗಾದ್ರೆ ಅವತ್ತಿನ ಮಾತು ಅವತ್ತಿಗೆ. ಇವತ್ತು ರಾತ್ರಿ ಮಲಗೋವರೆಗೆ ಬೇಡ, ಅಷ್ಟೇ ಲೆಕ್ಕ." ಅವರೇ ನನಗೆ ಸ್ಪಾನ್ಸರ್ ಆದರು. ಸ್ಪಾನ್ಸರ್ ಅಂದರೆ ದುಡ್ಡು ಕೊಡುವವರಲ್ಲ. ಕುಡಿಯಬೇಕು ಅನ್ನಿಸಿದಾಗ, ಕುಡಿಯುವುದಕ್ಕೆ ಮೊದಲು ಫೋನ್ ಮಾಡಬೇಕಾದ ಮನುಷ್ಯ. ಫೋನ್ ಮಾಡಿದರೆ ಮೊದಲು ಕೇಳುವುದು, "ಊಟ ಆಯ್ತಾ?" ಮೊದಮೊದಲು ಸಿಟ್ಟು ಬರುತ್ತಿತ್ತು. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕರಲ್ಲಿ ಒಂದಿದ್ದರೂ ಕಾಲು ವೈನ್ಸ್ ಕಡೆ ತಿರುಗುತ್ತದೆ ಅಂತ ಅಲ್ಲಿ ಎಲ್ಲರೂ ಹೇಳುತ್ತಾರೆ. ನನ್ನದು ಸುಮಾರು ಸಲ ಬರೀ ಹಸಿವೇ ಆಗಿತ್ತು. ಎರಡು ಇಡ್ಲಿ ತಿಂದರೆ ಅರ್ಧ ಕಡಿಮೆ ಆಗುತ್ತಿತ್ತು.

90 ದಿನಕ್ಕೆ 90 ಮೀಟಿಂಗ್ ಅಂತ ಹೊಸಬರಿಗೆ ಹೇಳುತ್ತಾರೆ. ನನ್ನದು 61 ಆಯ್ತು. ಸೋಮವಾರ ಒಂದು ಕಡೆ, ಮಂಗಳವಾರ ಇನ್ನೊಂದು ಕಡೆ. ಎಲ್ಲ ಮೀಟಿಂಗೂ ಚೆನ್ನಾಗಿರುತ್ತವೆ ಅಂತಲ್ಲ. ಒಂದು ಕಡೆ ಒಬ್ಬರೇ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಇನ್ನೊಂದು ಕಡೆ ಫ್ಯಾನಿನ ಸದ್ದಿಗೆ ಏನೂ ಕೇಳಿಸುವುದಿಲ್ಲ. ಕುಡಿತದ ದಿನಗಳ ಸಾಹಸ ಹೇಳಿ ನಗಿಸುವವರೂ ಇದ್ದಾರೆ, ಕೇಳಿದರೆ ಬಾಯಲ್ಲಿ ನೀರೂರುತ್ತದೆ! ಒಂದು ಮೀಟಿಂಗ್ ಹಿಡಿಸಲಿಲ್ಲ ಅಂತ ಬಿಟ್ಟವರನ್ನು ನಾನು ನೋಡಿದ್ದೇನೆ. ಒಂದು ಹೋಟೆಲ್ ಸಾಂಬಾರು ಸರಿಯಿಲ್ಲ ಅಂತ ಊಟ ಬಿಡುತ್ತೇವಾ?

ನಮ್ಮ ಗುಂಪಿಗೆ ಒಬ್ಬರು ಹೆಂಗಸು ಬರುತ್ತಾರೆ. ಬಾಗಿಲ ಹತ್ತಿರವೇ ಕೂರುತ್ತಾರೆ. ಮೊದಲ ಆರು ತಿಂಗಳು ಮನೆಯಲ್ಲಿ ಟೈಲರಿಂಗ್ ಕ್ಲಾಸು ಅಂತ ಹೇಳಿ ಬರುತ್ತಿದ್ದರಂತೆ. ಗಂಡಸು ಕುಡಿದರೆ 'ಏನೋ ಕಷ್ಟ' ಅನ್ನುತ್ತಾರೆ, ನನ್ನನ್ನು ಏನಂದರು ಅಂತ ಇಲ್ಲಿ ಹೇಳಲ್ಲ ಅಂದಿದ್ದರು ಒಂದು ಸಲ. ಅವತ್ತು ಯಾರೂ ಮತ್ತೆ ಮಾತಾಡಲಿಲ್ಲ. ಸುಮ್ನೆ ಟೀ ಕುಡಿದು ಎದ್ದೆವು.

ಮನೆಯವರಿಗೆ ಅಂತಲೇ ಆಲ್-ಅನಾನ್ ಅಂತ ಬೇರೆ ಗುಂಪು ಇದೆ. ಹೆಂಡತಿಗೆ ಹೇಳಿದೆ. "ಕುಡಿದೋರು ನೀವು, ಮೀಟಿಂಗ್ ನನಗ್ಯಾಕೆ ರೀ?" ಅಂದಳು. ನ್ಯಾಯವಾದ ಪ್ರಶ್ನೆ. ನಾಲ್ಕು ತಿಂಗಳು ಬಿಟ್ಟು ಒಂದು ದಿನ ತಾನೇ ಹೋಗಿ ಬಂದಳು. ಏನು ಮಾತಾಡಿದೆ ಅಂತ ನಾನು ಕೇಳಿಲ್ಲ, ಅವಳು ಹೇಳಿಲ್ಲ. ಪರ್ಸ್ ಎಣಿಸುವುದನ್ನು, ಬಾಯಿ ಮೂಸುವುದನ್ನು ಮಾತ್ರ ನಿಲ್ಲಿಸಿದಳು.

2023ರ ಮಾರ್ಚ್ ಮೂರನೆಯ ವಾರ 90 ದಿನದ ಮೆಡಲ್ ಸಿಕ್ಕಿತು. ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಯುಗಾದಿಗೆ ಚನ್ನರಾಯಪಟ್ಟಣದ ಕಡೆ ನಮ್ಮ ಮಾವನ ಊರಿಗೆ ಹೋದೆವು. ಯುಗಾದಿ ದಿನ ಏನೂ ಇಲ್ಲ, ಒಬ್ಬಟ್ಟು. ಮಾರನೆಯ ದಿನ ಹೊಸತೊಡಕು. ನಮ್ಮ ಕಡೆಯವರಿಗೆ ಗೊತ್ತು, ಬೆಳಿಗ್ಗೆಯೇ ಮರಿ ಬೀಳುತ್ತದೆ, ತೋಟದಲ್ಲಿ ಒಲೆ, ಇಸ್ಪೀಟು, ಬಾಟಲು. ನಾನು ಪಂಪ್‌ಸೆಟ್ ಹತ್ತಿರ ಕೂತು ಈರುಳ್ಳಿ ಹೆಚ್ಚುತ್ತಿದ್ದೆ. ಭಾಮೈದ ಬಂದ. ನನ್ನನ್ನು ಆಟೋದಲ್ಲಿ ನಿಮ್ಹಾನ್ಸ್‌ಗೆ ಹೊತ್ತವನು ಅವನೇ. "ಭಾವ, ಮೂರು ತಿಂಗಳಾಯ್ತಲ್ಲ, ಈಗ ಸರಿ ಹೋಗಿದ್ದೀರ. ಹಬ್ಬಕ್ಕೆ ಒಂದೇ ಒಂದು" ಅಂದ. ಪ್ರೀತಿಯಿಂದಲೇ ಅಂದ. ಟೆಂಪೋ ಅಣ್ಣನಿಗೆ ಫೋನ್ ಮಾಡಬಹುದಿತ್ತು. ತೋಟದಲ್ಲಿ ಸಿಗ್ನಲ್ ಇಲ್ಲ ಅಂತ ಮನಸ್ಸಿಗೆ ಹೇಳಿದೆ. ಫೋನ್ ತೆಗೆದು ನೋಡಲಿಲ್ಲ.

95 ದಿನ ಆಗಿತ್ತು. ಆ 'ಒಂದೇ ಒಂದು' ಒಂಬತ್ತು ದಿನ ನಡೆಯಿತು.

ಮಾರ್ಚ್ 31ರ ಮಧ್ಯಾಹ್ನ ಟೆಂಪೋ ಅಣ್ಣ ರೀಮು ಇಳಿಸಲು ಬಂದರು. ನಾನು ಮುಖ ಕೊಡಲಿಲ್ಲ. ಸಹಿ ಹಾಕುವಾಗ ಕೈ ನಡುಗಿದ್ದನ್ನು ಅವರು ನೋಡಿದರು. ರಸೀದಿ ಮಡಚಿ ಜೇಬಿಗೆ ಹಾಕುತ್ತಾ, "ಇವತ್ತು ಆರು ಗಂಟೆಗೆ ಬರ್ತೀನಿ. ಮೊದಲು ಡಾಕ್ಟರ್, ಆಮೇಲೆ ಮೀಟಿಂಗ್. ಊಟ ಆಯ್ತಾ?" ಅಂದರು.

ಮೀಟಿಂಗಿನಲ್ಲಿ ಬಾಯಿ ತೆರೆಯಲು ಆಗಲಿಲ್ಲ. ಮತ್ತೆ ಒಂದರಿಂದ ಎಣಿಸಬೇಕು, ಮೆಡಲ್ ವಾಪಸ್ ಕೊಡಬೇಕೇನೋ ಅಂತ ಮೇಜಿನ ಮೇಲೆ ಇಟ್ಟೆ. ಮೇಷ್ಟ್ರು ಅದನ್ನು ನನ್ನ ಕಡೆಗೇ ತಳ್ಳಿದರು. ಹೊರಗೆ ಟೀ ಅಂಗಡಿಯಲ್ಲಿ ಅವರು ಹಳೆಯ ಕಥೆ ತೆಗೆದರು. 1935ರ ಮೇ ತಿಂಗಳು, ಅಮೆರಿಕದ ಓಹಾಯೊದಲ್ಲಿ ಆಕ್ರನ್ ಅನ್ನುವ ಊರು. ನ್ಯೂಯಾರ್ಕಿನ ಶೇರು ವ್ಯವಹಾರದವನು ಬಿಲ್ ವಿಲ್ಸನ್ ಅಲ್ಲಿಗೆ ಬಂದಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ವ್ಯವಹಾರ ಕೆಟ್ಟಿತು. ಹೋಟೆಲಿನ ಹಜಾರದಲ್ಲಿ ನಿಂತಿದ್ದಾನೆ, ಒಂದು ಕಡೆ ಬಾರು, ಒಂದು ಕಡೆ ಫೋನು. ಅವನು ಫೋನಿನ ಕಡೆ ಹೋಗಿ ಚರ್ಚಿನವರಿಗೆ ಕರೆ ಮಾಡಿದ, ಮಾತಾಡಲು ಇನ್ನೊಬ್ಬ ಕುಡುಕ ಬೇಕು ಅಂತ. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್, ಸರ್ಜನ್. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಡಾಕ್ಟರ್ ಬಾಬ್ ಬಿಟ್ಟರು.

"ಆಮೇಲೆ?" ಅಂದೆ.

"ಆಮೇಲೆ ಏನು, ಡಾಕ್ಟರುಗಳ ಸಮ್ಮೇಳನಕ್ಕೆ ಅಂತ ರೈಲು ಹತ್ತಿ ಹೋದರು, ಚೆನ್ನಾಗಿ ಕುಡಿದು ವಾಪಸ್ ಬಂದರು. ಅವರಿಗೂ ಒಂದು ಹೊಸತೊಡಕು" ಅಂದರು ಮೇಷ್ಟ್ರು. "ಅಲ್ಲಿಂದ ಬಂದ ಮೇಲೆ ಜೂನ್ 10ಕ್ಕೆ ಕೊನೆಯ ಸಲ ಕುಡಿದಿದ್ದು. ಆ ದಿನವನ್ನೇ ಎ.ಎ. ಹುಟ್ಟಿದ ದಿನ ಅಂತ ಇಟ್ಟುಕೊಂಡಿರೋದು. ಶುರು ಮಾಡಿದವರಿಗೇ ಹಂಗಾಗಿದೆ, ನೀನೇನು ದೊಡ್ಡ ಮನುಷ್ಯನಾ?"

ನನ್ನ ಲೆಕ್ಕ ಏಪ್ರಿಲ್ 1ರಿಂದ. ಪ್ರತಿ ವರ್ಷ ಏಪ್ರಿಲ್ ಫೂಲ್ ಅಂತ ಗುಂಪಿನವರು ಕಾಡಿಸುತ್ತಾರೆ.

ಆ ವರ್ಷವೇ ಊರಿನಲ್ಲಿ ನನ್ನ ದೊಡ್ಡಪ್ಪನ ಮಗನೂ ಬಿಟ್ಟ. ಅವನ ದಾರಿ ಬೇರೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು, ಜನಜಾಗೃತಿ ವೇದಿಕೆಯವರು ಸೇರಿ ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರಲ್ಲ, ಅದಕ್ಕೆ ಅವನ ಹೆಂಡತಿ ಸಂಘದ ಮೂಲಕ ಸೇರಿಸಿದ್ದಳು. ಕಲ್ಯಾಣ ಮಂಟಪದಲ್ಲಿ ಎಂಟು ದಿನ. ಭಜನೆ, ವ್ಯಾಯಾಮ, ಡಾಕ್ಟರ ತಪಾಸಣೆ, ಮಾತು. ಮುಗಿದ ಮೇಲೆ ಬಿಟ್ಟವರೆಲ್ಲ ಸೇರಿ ನವಜೀವನ ಸಮಿತಿ ಅಂತ ಮಾಡಿಕೊಂಡು ಊರಲ್ಲೇ ಸಭೆ ಸೇರುತ್ತಾರೆ. ಒಂದು ಸಭೆಗೆ ನಾನೂ ಹೋಗಿದ್ದೆ. ನಮ್ಮಲ್ಲಿ ಹೆಸರೇ ಗುಟ್ಟು, ಅವರಲ್ಲಿ ಗುಂಪು ಫೋಟೋ ಪೇಪರಿನಲ್ಲಿ ಬಂದಿತ್ತು. ನನಗೆ ಗಾಬರಿ ಆಯ್ತು. ಅವನು ನಕ್ಕ: "ಅಣ್ಣ, ನಾನು ಚರಂಡೀಲಿ ಬಿದ್ದಾಗ ಇಡೀ ಊರು ನೋಡಿದೆ. ಎದ್ದಿದ್ದನ್ನ ಯಾಕೆ ಮುಚ್ಚಿಡಲಿ?" ಅವನ ಮಾತೂ ಸರಿಯೇ. ಊರಲ್ಲಿ ಗುಟ್ಟು ಅನ್ನುವುದೇ ಇಲ್ಲ. ಅಲ್ಲಿ ಹತ್ತು ಜನರ ಕಣ್ಣೇ ಕಾವಲು. ಸುಲ್ತಾನ್‌ಪೇಟೆಯಲ್ಲಿ ಗಿರಾಕಿ ಕಣ್ಣಿಗೆ ಬಿದ್ದರೆ ಆರ್ಡರು ಹೋಗುತ್ತದೆ. ಎರಡೂ ಇರಲಿ. ಎರಡೂ ಕಡೆ ಹೋಗಲು ಧೈರ್ಯ ಇಲ್ಲದವರು 14446ಕ್ಕೆ ಫೋನ್ ಮಾಡಬಹುದು, ಚಟ ಬಿಡಿಸಲೆಂದೇ ಇರುವ ಸರ್ಕಾರದ ನಂಬರು. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್‌ನ 14416 ಇದೆ. ಎರಡಕ್ಕೂ ದುಡ್ಡಿಲ್ಲ. ಸ್ನೇಹಿತರಿಗೆ ಅಂತ ಹೇಳಿದರೂ ನಡೆಯುತ್ತದೆ.

ಹೋದ ತಿಂಗಳು ನಮ್ಮ ಗುಂಪಿನ ಮೀಟಿಂಗ್ ಕಾರ್ಡು ಮುಗಿದಿತ್ತು. ಜೇಬಿನಲ್ಲಿ ಇಟ್ಟುಕೊಳ್ಳುವಷ್ಟು ಸಣ್ಣದು. ದಿನ, ಸಮಯ, ಜಾಗ, ಒಂದು ಫೋನ್ ನಂಬರ್. ನಾನೇ ಮಾಡಿಕೊಡುತ್ತೇನೆ ಅಂದೆ. 500 ಕಾರ್ಡು. ಹುಡುಗನಿಗೆ ಬಿಡದೆ ನಾನೇ ಕಟಿಂಗಿಗೆ ನಿಂತೆ. ಮೇಷ್ಟ್ರು ಅಂಗಡಿಗೆ ಬಂದು ಒಂದು ಕಾರ್ಡು ತೆಗೆದು, ಕನ್ನಡಕ ಹಣೆಗೇರಿಸಿ, ನಾಲ್ಕೂ ಅಂಚು ನೋಡಿದರು. ಪರೀಕ್ಷೆ ಪೇಪರ್ ನೋಡುವ ಹಾಗೆ. 'ಏಳೂವರೆ'ಯಲ್ಲಿ ದೀರ್ಘ ಬಿಟ್ಟುಹೋಗಿದೆ ಅಂತ ತೋರಿಸಿದರು. 500ರಲ್ಲೂ 'ಏಳುವರೆ' ಅಂತಲೇ ಇತ್ತು.

"ಇರಲಿ ಬಿಡು, ಬರೋರು ದೀರ್ಘ ನೋಡಿ ಬರಲ್ಲ. ಎಷ್ಟಾಯ್ತು?"

"ದುಡ್ಡು ಬೇಡ ಮೇಷ್ಟ್ರೇ."

"ಹಂಗೆಲ್ಲ ಆಗಲ್ಲ. ಚೀಲಕ್ಕೆ ಹಾಕೋದಿದ್ರೆ ಗುರುವಾರ ಹಾಕು. ಇದಕ್ಕೆ ಬಿಲ್ ಬರಿ."

ಬಿಲ್ ಬುಕ್ ತೆಗೆದೆ. ತಾರೀಕು ಹಾಕಿದೆ. ಶ್ರೀ ಅಂತ ಪ್ರಿಂಟ್ ಆಗಿರುವ ಕಡೆ ಪೆನ್ನು ನಿಂತಿತು.

"ಯಾರ ಹೆಸರಿಗೆ ಬರೀಲಿ?"

ಮೇಷ್ಟ್ರು ಅಂಗಡಿಯಲ್ಲಿದ್ದ ಗಿರಾಕಿಗಳನ್ನು ಒಮ್ಮೆ ನೋಡಿದರು.

"ಕ್ಯಾಶ್ ಅಂತ ಬರಿ" ಅಂದರು.